ಕರೆನ್ಸಿ ಒಂದಾದರೆ ಗಡಿ ಮಾಯವಾಗುತ್ತದೆಯೇ? ಯೂರೋ ಸೇರಿದ ನೆರೆ ದೇಶಗಳು ಹೇಳುವ ಕಥೆ

"ಡಾಲರ್ ಕಥೆ ಮುಗಿಯಿತು, ಬ್ರಿಕ್ಸ್ ದೇಶಗಳಿಗೆಲ್ಲ ಒಂದೇ ನೋಟು ಬರುತ್ತಿದೆ" ಎಂಬ ಫಾರ್ವರ್ಡ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. 2024ರ ಅಕ್ಟೋಬರ್‌ನಲ್ಲಿ ರಷ್ಯಾದ ಕಜಾನ್ ನಗರದಲ್ಲಿ ನಡೆದ ಬ್ರಿಕ್ಸ್ ಶೃಂಗಸಭೆಯಲ್ಲಿ ಅಧ್ಯಕ್ಷ ಪುಟಿನ್ ಬಣ್ಣಬಣ್ಣದ ನೋಟೊಂದನ್ನು ಹಿಡಿದಿದ್ದ ಚಿತ್ರ ಹರಿದಾಡಿದ ಮೇಲೆ ಇಂಥ ಸಂದೇಶಗಳು ಇನ್ನಷ್ಟು ಹೆಚ್ಚಿದವು. ಚಿತ್ರ ನಿಜ. ಆದರೆ ಆ ನೋಟು ಬರೀ ಸಾಂಕೇತಿಕ. ಅದನ್ನು ಕೊಟ್ಟರೆ ಪ್ರಪಂಚದ ಯಾವ ಅಂಗಡಿಯಲ್ಲೂ ಒಂದು ಬೆಂಕಿಪೊಟ್ಟಣವೂ ಸಿಗುವುದಿಲ್ಲ.

ಇಂಥ ಫಾರ್ವರ್ಡ್‌ಗಳನ್ನು ಗಮನಿಸಿದರೆ ಮೂರು ಮಾತುಗಳು ಮತ್ತೆ ಮತ್ತೆ ಬರುತ್ತವೆ. ಒಂದೇ ಕರೆನ್ಸಿ ಬಂದರೆ ದೇಶಗಳ ನಡುವಿನ ಗಡಿಯೇ ಇರುವುದಿಲ್ಲ ಎಂಬುದು ಮೊದಲನೆಯದು. ಬೆಲೆಗಳೆಲ್ಲ ದುಪ್ಪಟ್ಟಾಗುತ್ತವೆ ಎಂಬುದು ಎರಡನೆಯದು. ಬ್ಯಾಂಕಿನಲ್ಲಿಟ್ಟ ಉಳಿತಾಯಕ್ಕೆ ಕುತ್ತು ಬರುತ್ತದೆ ಎಂಬುದು ಮೂರನೆಯದು. ಇವನ್ನು ಊಹೆಯ ಮೇಲೆ ವಾದಿಸಬೇಕಾಗಿಲ್ಲ. ನೆರೆಹೊರೆಯ ದೇಶಗಳು ತಮ್ಮ ಹಳೆಯ ಕರೆನ್ಸಿ ಬಿಟ್ಟು ಒಂದೇ ಕರೆನ್ಸಿಗೆ ಬಂದ ಉದಾಹರಣೆಗಳು ನಮ್ಮ ಕಣ್ಣೆದುರೇ ಇವೆ. ಇತ್ತೀಚಿನದು ಬಲ್ಗೇರಿಯಾ. 2026ರ ಜನವರಿ 1ರಂದು ಅದು ತನ್ನ 'ಲೆವ್' ಬಿಟ್ಟು ಯೂರೋ ವಲಯದ 21ನೇ ದೇಶವಾಯಿತು. ಅಲ್ಲಿ ಮತ್ತು ಅದಕ್ಕೆ ಮೊದಲು ಯೂರೋ ಸೇರಿದ ದೇಶಗಳ ಗಡಿಗಳಲ್ಲಿ ನಿಜಕ್ಕೂ ಏನಾಯಿತು ಎಂಬುದನ್ನು ನಾವು ಇಲ್ಲಿ ನೋಡೋಣ.

ಒಂದು ನೋಟದಲ್ಲಿ

- ಒಂದೇ ಕರೆನ್ಸಿ ರಾತ್ರೋರಾತ್ರಿ ಬರುವುದಿಲ್ಲ. ಅದಕ್ಕೆ ವರ್ಷಗಟ್ಟಲೆ ತಯಾರಿ ಬೇಕು.
- ಹಳೆಯ ಹಣ ಮುಳುಗುವುದಿಲ್ಲ. ಮೊದಲೇ ಘೋಷಿಸಿದ ದರದಲ್ಲಿ ಬದಲಾಗುತ್ತದೆ.
- ಒಟ್ಟಾರೆ ಬೆಲೆ ಏರಿಕೆ ಸಣ್ಣದು. ಆದರೆ ಕಾಫಿ, ಊಟ, ಕ್ಷೌರದಂಥ ಕೆಲವು ಕಡೆ ಏರಿಕೆ ಕಣ್ಣಿಗೆ ಬೀಳುತ್ತದೆ.
- ಗಡಿ ಎಂಬುದು ಹಲವು ಗೋಡೆಗಳ ಸಾಲು. ಕರೆನ್ಸಿ ಅದರಲ್ಲಿ ಒಂದು ಗೋಡೆ ಮಾತ್ರ. ತೆರಿಗೆ, ಸಂಬಳ, ಕಾನೂನು, ಪೊಲೀಸ್ ತಪಾಸಣೆ ಬೇರೆಯೇ ಗೋಡೆಗಳು.

ತಯಾರಿಗೆ ಎಷ್ಟು ಕಾಲ ಬೇಕು?

ಯೂರೋ ಸೇರಲು ಬಯಸುವ ದೇಶ ಕೆಲವು ಪರೀಕ್ಷೆಗಳನ್ನು ಪಾಸಾಗಬೇಕು. ಸರ್ಕಾರದ ವಾರ್ಷಿಕ ಕೊರತೆ ದೇಶದ ಒಟ್ಟು ಉತ್ಪನ್ನದ ಶೇ. 3ರೊಳಗೆ ಇರಬೇಕು. ಸಾಲ ಶೇ. 60ರೊಳಗೆ ಇರಬೇಕು, ಇಲ್ಲವೇ ಆ ಕಡೆಗೆ ಇಳಿಯುತ್ತಿರಬೇಕು. ಬೆಲೆಗಳು ಅತ್ಯಂತ ಸ್ಥಿರವಾಗಿರುವ ಮೂರು ಸದಸ್ಯ ದೇಶಗಳಿಗೆ ಹೋಲಿಸಿದರೆ ಹಣದುಬ್ಬರ ಶೇಕಡಾ ಒಂದೂವರೆ ಅಂಶಕ್ಕಿಂತ ಹೆಚ್ಚಿರಬಾರದು. ದೀರ್ಘಾವಧಿ ಬಡ್ಡಿದರಕ್ಕೂ ಇಂಥದ್ದೇ ಮಿತಿ ಇದೆ. ಜೊತೆಗೆ ಕನಿಷ್ಠ ಎರಡು ವರ್ಷ ತನ್ನ ಕರೆನ್ಸಿಯ ಬೆಲೆಯನ್ನು ಯೂರೋ ಎದುರು ಹೆಚ್ಚು ಏರಿಳಿಯದಂತೆ ಹಿಡಿದಿಟ್ಟು ತೋರಿಸಬೇಕು.

ಬಲ್ಗೇರಿಯಾದ ದಾರಿ ಎಷ್ಟು ಉದ್ದವಿತ್ತು ನೋಡಿ. 1997ರಲ್ಲಿ ವಿಪರೀತ ಹಣದುಬ್ಬರಕ್ಕೆ ಸಿಕ್ಕಿದ್ದ ಆ ದೇಶ ತನ್ನ ಲೆವ್ ಅನ್ನು ಜರ್ಮನಿಯ ಮಾರ್ಕ್‌ಗೆ ಕಟ್ಟಿಹಾಕಿತು. ಜರ್ಮನಿ ಯೂರೋಗೆ ಹೋದಾಗ ಲೆವ್ ಕೂಡ ಯೂರೋಗೆ ಕಟ್ಟಿಕೊಂಡಿತು. ದರ: 1 ಯೂರೋಗೆ 1.95583 ಲೆವ್. ಬಲ್ಗೇರಿಯಾ ಐರೋಪ್ಯ ಒಕ್ಕೂಟ ಸೇರಿದ್ದು 2007ರಲ್ಲಿ. ಯೂರೋದ 'ಕಾಯುವ ಕೋಣೆ'ಗೆ ಪ್ರವೇಶ ಪಡೆದದ್ದು 2020ರ ಜುಲೈ 10ರಂದು. 2024ರ ಜನವರಿಯಲ್ಲೇ ಯೂರೋ ತರುವ ಗುರಿ ಇತ್ತು, ಆದರೆ ಹಣದುಬ್ಬರ ಹೆಚ್ಚಿದ್ದರಿಂದ ಅದು ಮುಂದಕ್ಕೆ ಹೋಯಿತು. ಅಂತಿಮ ಒಪ್ಪಿಗೆ ಸಿಕ್ಕಿದ್ದು 2025ರ ಜುಲೈ 8ರಂದು. ಒಕ್ಕೂಟ ಸೇರಿ 19 ವರ್ಷಗಳ ಬಳಿಕ ಯೂರೋ ನೋಟು ಅಲ್ಲಿನವರ ಕೈಗೆ ಬಂತು.

ಹಾಗಾಗಿ "ಮುಂದಿನ ತಿಂಗಳಿಂದ ಹೊಸ ಅಂತಾರಾಷ್ಟ್ರೀಯ ನೋಟು" ಎಂಬ ಸಂದೇಶ ಬಂದರೆ ಅದರಲ್ಲಿರುವ ದಿನಾಂಕವೇ ಅನುಮಾನಕ್ಕೆ ಸಾಕು.

ಹಳೆಯ ನೋಟು, ಬ್ಯಾಂಕಿನ ಠೇವಣಿ ಏನಾಗುತ್ತದೆ?

ನೋಟು ಬದಲಾವಣೆ ಎಂದ ತಕ್ಷಣ ನಮ್ಮಲ್ಲಿ ಬಹಳ ಮಂದಿಗೆ ನೆನಪಾಗುವುದು 2016ರ ನವೆಂಬರ್ 8. ಅಂದು ರಾತ್ರಿ 8ಕ್ಕೆ ಘೋಷಣೆ, ಮಧ್ಯರಾತ್ರಿಯಿಂದ 500 ಮತ್ತು 1000 ರೂಪಾಯಿ ನೋಟುಗಳ ಚಲಾವಣೆ ರದ್ದು. ಆಮೇಲೆ ಬಂದ 2000 ರೂಪಾಯಿ ನೋಟಿನಲ್ಲಿ ಚಿಪ್ ಇದೆ ಎಂಬ ಫಾರ್ವರ್ಡನ್ನೂ ನಾವೆಲ್ಲ ನೋಡಿದ್ದೇವೆ. ಚಿಪ್ ಇರಲಿಲ್ಲ.

ಯೂರೋ ಬದಲಾವಣೆ ಇದಕ್ಕೆ ತೀರಾ ಭಿನ್ನ. ಬಲ್ಗೇರಿಯಾದಲ್ಲಿ 2025ರ ಆಗಸ್ಟ್ 8ರಿಂದಲೇ ಅಂಗಡಿಗಳು ಪ್ರತಿ ವಸ್ತುವಿನ ಬೆಲೆಯನ್ನು ಲೆವ್ ಮತ್ತು ಯೂರೋ ಎರಡರಲ್ಲೂ ಬರೆಯಬೇಕಿತ್ತು. 2026ರ ಆಗಸ್ಟ್ 8ರವರೆಗೆ ಈ ನಿಯಮ. ಜನವರಿ ತಿಂಗಳಿಡೀ ಎರಡೂ ನೋಟುಗಳು ಚಲಾವಣೆಯಲ್ಲಿದ್ದವು. ಬ್ಯಾಂಕುಗಳಲ್ಲಿ ಮೊದಲ ಆರು ತಿಂಗಳು ಶುಲ್ಕವಿಲ್ಲದೆ ಬದಲಾವಣೆ. ಕೇಂದ್ರ ಬ್ಯಾಂಕಿನಲ್ಲಿ ಬದಲಾವಣೆಗೆ ಕೊನೆಯ ದಿನವೇ ಇಲ್ಲ. 2011ರಲ್ಲಿ ಯೂರೋಗೆ ಬಂದ ಎಸ್ಟೋನಿಯಾದಲ್ಲೂ ಹೀಗೆಯೇ. ಅಜ್ಜಿಯ ಪೆಟ್ಟಿಗೆಯಲ್ಲಿ ಹಳೆಯ 'ಕ್ರೋನ್' ನೋಟು ಸಿಕ್ಕರೆ ಕೇಂದ್ರ ಬ್ಯಾಂಕು ಇಂದಿಗೂ ಅದೇ ದರದಲ್ಲಿ ಯೂರೋ ಕೊಡುತ್ತದೆ.

ಬ್ಯಾಂಕ್ ಖಾತೆಯಲ್ಲಿದ್ದ ಹಣ ತಾನಾಗಿಯೇ ಬದಲಾಗುತ್ತದೆ. 1000 ಲೆವ್ ಇದ್ದರೆ 511.29 ಯೂರೋ. ಇಲ್ಲೇ ಗೊಂದಲ ಹುಟ್ಟುವುದು. ಸಂಖ್ಯೆ ಅರ್ಧವಾದದ್ದನ್ನು ನೋಡಿ "ಹಣ ಅರ್ಧವಾಯಿತು" ಎನ್ನುವವರಿದ್ದಾರೆ. ಆದರೆ ಅಂಗಡಿಯ ಬೆಲೆಯ ಸಂಖ್ಯೆಯೂ ಅರ್ಧವಾಗಿರುತ್ತದೆ. 2014ರಲ್ಲಿ ಲಾತ್ವಿಯಾದಲ್ಲಿ ಇದರ ಉಲ್ಟಾ ಆಯಿತು. ಅಲ್ಲಿನ 'ಲಾಟ್' ಯೂರೋಗಿಂತ ಬೆಲೆಯುಳ್ಳದ್ದು. 500 ಲಾಟ್ ಸಂಬಳ 711 ಯೂರೋ ಆಯಿತು. ಅದರಿಂದ ಯಾರೂ ಶ್ರೀಮಂತರಾಗಲಿಲ್ಲ. ಅಂಗಡಿಯ ಚೀಟಿಯ ಮೇಲಿನ ಸಂಖ್ಯೆಯೂ ಅಷ್ಟೇ ಏರಿತ್ತು.

ಬಲ್ಗೇರಿಯಾದಲ್ಲಿ "ಯೂರೋ ಬಂದರೆ ಸರ್ಕಾರ ನಿಮ್ಮ ಉಳಿತಾಯ ಕಿತ್ತುಕೊಳ್ಳುತ್ತದೆ" ಎಂಬ ಸಂದೇಶಗಳು ಸಾಮಾಜಿಕ ಜಾಲತಾಣಗಳಲ್ಲಿ ವ್ಯಾಪಕವಾಗಿ ಹರಡಿದ್ದವು. ಯೂರೋ ವಿರುದ್ಧ ಬೀದಿ ಪ್ರತಿಭಟನೆಗಳೂ ನಡೆದವು. ಆಗಿನ ಅಧ್ಯಕ್ಷ ರುಮೆನ್ ರಾಡೆವ್ ಜನಮತಗಣನೆ ನಡೆಸಬೇಕೆಂದು 2025ರ ಮೇನಲ್ಲಿ ಕೇಳಿದ್ದರು, ಸಂಸತ್ತಿನ ಸ್ಪೀಕರ್ ಅದನ್ನು ತಳ್ಳಿಹಾಕಿದರು. ಯೂರೋ ಬೇಡ ಎನ್ನುವುದು ಒಂದು ರಾಜಕೀಯ ನಿಲುವು, ಅದಕ್ಕೆ ಎಲ್ಲರಿಗೂ ಹಕ್ಕಿದೆ. ಆದರೆ 'ಕಿತ್ತುಕೊಳ್ಳುತ್ತಾರೆ' ಎಂಬುದು ನಿಲುವಲ್ಲ, ಪರೀಕ್ಷಿಸಬಹುದಾದ ಹೇಳಿಕೆ. ಅದು ಸುಳ್ಳಾಯಿತು.

ಇಂಥ ಸಂದೇಶಗಳಲ್ಲಿ ಆಗಾಗ ಸೈಪ್ರಸ್ ಉದಾಹರಣೆ ಕೊಡುತ್ತಾರೆ. 2013ರಲ್ಲಿ ಅಲ್ಲಿನ ದೊಡ್ಡ ಬ್ಯಾಂಕುಗಳು ಕುಸಿದಾಗ 1 ಲಕ್ಷ ಯೂರೋಗಿಂತ ಹೆಚ್ಚು ಠೇವಣಿ ಇಟ್ಟವರು ಭಾರೀ ನಷ್ಟ ಅನುಭವಿಸಿದ್ದು ನಿಜ. ಆದರೆ ಸೈಪ್ರಸ್ ಯೂರೋಗೆ ಬಂದದ್ದು 2008ರಲ್ಲಿ. ನಷ್ಟವಾದದ್ದು ಬ್ಯಾಂಕು ದಿವಾಳಿಯಾದ್ದರಿಂದ, ನೋಟು ಬದಲಾದ್ದರಿಂದಲ್ಲ. 1 ಲಕ್ಷ ಯೂರೋವರೆಗಿನ ಠೇವಣಿಗೆ ವಿಮೆಯ ರಕ್ಷಣೆ ಇತ್ತು.

ಬದಲಾವಣೆಯ ಕಾಲದಲ್ಲಿ ಸಾಮಾನ್ಯರಿಗೆ ನಿಜವಾದ ಅಪಾಯ ಬೇರೆ ಕಡೆಯಿಂದ ಬರುತ್ತದೆ. "ಹಳೆಯ ನೋಟು ನಾಳೆಯಿಂದ ನಡೆಯುವುದಿಲ್ಲ, ಈಗಲೇ ಕೊಡಿ, ಬದಲಾಯಿಸಿ ಕೊಡುತ್ತೇವೆ" ಎಂದು ಮನೆ ಬಾಗಿಲಿಗೆ ಬರುವವರು, ಫೋನ್ ಮಾಡಿ ಒಟಿಪಿ ಕೇಳುವವರು. ಇವರ ಬಲೆಗೆ ಬೀಳುವವರಲ್ಲಿ ಹೆಚ್ಚಿನವರು ಹಣವನ್ನು ಮನೆಯಲ್ಲೇ ಇಟ್ಟುಕೊಂಡ ವೃದ್ಧರು. ಹೆದರಿಸುವ ಫಾರ್ವರ್ಡ್ ವಂಚಕನ ಕೆಲಸವನ್ನು ಅರ್ಧ ಮುಗಿಸಿಕೊಟ್ಟಿರುತ್ತದೆ.

ಬೆಲೆಗಳು ದುಪ್ಪಟ್ಟಾಗುತ್ತವೆಯೇ?

ಈ ಆರೋಪಕ್ಕೆ ದೊಡ್ಡ ಇತಿಹಾಸವೇ ಇದೆ. 2002ರ ಜನವರಿ 1ರಂದು 12 ದೇಶಗಳಲ್ಲಿ ಯೂರೋ ನೋಟುಗಳು ಬಂದಾಗ ಜರ್ಮನ್ನರು ಅದಕ್ಕೆ 'ಟಾಯ್ರೊ' ಎಂದು ಅಡ್ಡಹೆಸರಿಟ್ಟರು. ದುಬಾರಿ ಎಂಬ ಅರ್ಥದ ಜರ್ಮನ್ ಪದವನ್ನೂ ಯೂರೋವನ್ನೂ ಬೆಸೆದು ಮಾಡಿದ ಹೆಸರು ಅದು. ಇಟಲಿಯಲ್ಲಿ 1 ಯೂರೋಗೆ 1936.27 ಲೀರಾ ಎಂಬುದು ಅಧಿಕೃತ ದರ. ಆದರೆ ಮೊದಲು 1000 ಲೀರಾ ಇದ್ದದ್ದು ಈಗ 1 ಯೂರೋ ಆಗಿದೆ ಎಂಬ ದೂರು ವರ್ಷಗಟ್ಟಲೆ ಕೇಳಿಬಂತು.

ಐರೋಪ್ಯ ಒಕ್ಕೂಟದ ಅಂಕಿಅಂಶ ಸಂಸ್ಥೆ ಯೂರೋಸ್ಟಾಟ್ ಲೆಕ್ಕ ಹಾಕಿದಾಗ, 2002ರಲ್ಲಿ ನೋಟು ಬದಲಾವಣೆಯಿಂದಲೇ ಆದ ಬೆಲೆ ಏರಿಕೆ ಶೇಕಡಾ 0.12ರಿಂದ 0.29 ಅಂಶದಷ್ಟು ಮಾತ್ರ ಎಂದು ಕಂಡುಬಂತು. ಅಂದರೆ 1000 ರೂಪಾಯಿ ಖರ್ಚಿಗೆ ಒಂದರಿಂದ ಮೂರು ರೂಪಾಯಿ.

ಹಾಗಾದರೆ ಜನ ಸುಳ್ಳು ಹೇಳಿದರೇ? ಹಾಗೇನೂ ಇಲ್ಲ. ಬೆಲೆ ಏರಿದ್ದು ಎಲ್ಲ ಕಡೆ ಸಮನಾಗಿ ಅಲ್ಲ. ಹೋಟೆಲು, ಕಾಫಿ, ಸಲೂನು, ಪಾರ್ಕಿಂಗ್ ಮುಂತಾದ ಕಡೆ ಅಂಗಡಿಯವರು ಚಿಲ್ಲರೆಯ ನೆಪದಲ್ಲಿ ಬೆಲೆಯನ್ನು ಮೇಲಕ್ಕೆ ದುಂಡಗೆ ಮಾಡಿದರು. ಉದಾಹರಣೆಗೆ, 2.50 ಲೆವ್ ಕಾಫಿ ಲೆಕ್ಕದ ಪ್ರಕಾರ 1.28 ಯೂರೋ ಆಗಬೇಕು. ಅದನ್ನು 1.50 ಮಾಡಿದರೆ ಒಂದೇ ದಿನದಲ್ಲಿ ಶೇ. 17ರಷ್ಟು ಏರಿಕೆ. ದಿನಾ ಕಾಫಿ ಕುಡಿಯುವವನಿಗೆ ಇದು ದಿನಾ ಚುಚ್ಚುತ್ತದೆ. ಆದರೆ ಬಾಡಿಗೆ, ವಿದ್ಯುತ್ ಬಿಲ್, ಫ್ರಿಜ್, ಟಿವಿ ಬೆಲೆ ಬದಲಾಗದೆ ಉಳಿದದ್ದು ಯಾರ ಗಮನಕ್ಕೂ ಬರುವುದಿಲ್ಲ. ತಿಂಗಳ ಒಟ್ಟು ಖರ್ಚಿನಲ್ಲಿ ಕಾಫಿಯ ಪಾಲು ಚಿಕ್ಕದು, ನೆನಪಿನಲ್ಲಿ ಅದರ ಪಾಲು ದೊಡ್ಡದು.

ಇನ್ನೊಂದು ಗೊಂದಲ ಕಾಲದ್ದು. ಕ್ರೊವೇಷಿಯಾ 2023ರ ಜನವರಿ 1ರಂದು ಯೂರೋಗೆ ಬಂತು. ಆಗ ಉಕ್ರೇನ್ ಯುದ್ಧದಿಂದಾಗಿ ಇಡೀ ಯೂರೋಪಿನಲ್ಲಿ ಇಂಧನ, ಆಹಾರದ ಬೆಲೆ ಏರಿತ್ತು. ಬದಲಾವಣೆಯ ನೆಪದಲ್ಲಿ ಬೆಲೆ ಏರಿಸಿದ ಅಂಗಡಿಗಳಿಗೆ ಅಲ್ಲಿನ ಸರ್ಕಾರ ದಂಡದ ಎಚ್ಚರಿಕೆ ಕೊಡಬೇಕಾಯಿತು. ದುರಾಸೆ ಇತ್ತು, ನಿಜ. ಆದರೆ ಆ ವರ್ಷದ ದೊಡ್ಡ ಹಣದುಬ್ಬರಕ್ಕೆ ಕಾರಣ ಯೂರೋ ಆಗಿರಲಿಲ್ಲ. ಯೂರೋ ಇಲ್ಲದ ಹಂಗೆರಿಯಲ್ಲಿ ಬೆಲೆ ಏರಿಕೆ ಇನ್ನೂ ಜೋರಾಗಿತ್ತು.

ಗಡಿ ಎಂದರೆ ಒಂದೇ ಗೋಡೆಯಲ್ಲ

ಈಗ ಮುಖ್ಯ ಪ್ರಶ್ನೆಗೆ ಬರೋಣ. ಕ್ರೊವೇಷಿಯಾ ಯೂರೋಗೆ ಬಂದ ದಿನವೇ ನೆರೆಯ ಸ್ಲೊವೇನಿಯಾ ಕಡೆಯ ಗಡಿಯಲ್ಲಿ ಪಾಸ್‌ಪೋರ್ಟ್ ತಪಾಸಣೆಯೂ ನಿಂತಿತು. ಹಾಗಾಗಿ "ಯೂರೋ ಬಂತು, ಗಡಿ ಹೋಯಿತು" ಎಂದು ಅನಿಸುವುದು ಸಹಜ. ಆದರೆ ಅಂದು ಎರಡು ಬೇರೆ ಬೇರೆ ಒಪ್ಪಂದಗಳು ಒಂದೇ ದಿನ ಜಾರಿಯಾಗಿದ್ದವು. ನೋಟಿಗೆ ಸಂಬಂಧಿಸಿದ್ದು ಯೂರೋ. ತಪಾಸಣೆಯಿಲ್ಲದ ಓಡಾಟಕ್ಕೆ ಸಂಬಂಧಿಸಿದ್ದು 'ಷೆಂಗೆನ್' ಒಪ್ಪಂದ.

ಇವೆರಡೂ ಒಟ್ಟಿಗೆ ಇರಲೇಬೇಕೆಂದಿಲ್ಲ. ಐರ್ಲೆಂಡಿನಲ್ಲಿ ಯೂರೋ ಇದೆ, ಷೆಂಗೆನ್ ಇಲ್ಲ. ಪೋಲೆಂಡ್, ಸ್ವೀಡನ್‌ಗಳಲ್ಲಿ ಷೆಂಗೆನ್ ಇದೆ, ಯೂರೋ ಇಲ್ಲ. ನಾರ್ವೆ, ಸ್ವಿಟ್ಜರ್ಲೆಂಡ್ ಐರೋಪ್ಯ ಒಕ್ಕೂಟದಲ್ಲೇ ಇಲ್ಲ, ಆದರೂ ಷೆಂಗೆನ್‌ನಲ್ಲಿವೆ.

ಬಲ್ಗೇರಿಯಾದ ಗಡಿಗಳನ್ನು ಸುತ್ತು ಹಾಕಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಅದಕ್ಕೆ ಐದು ನೆರೆ ದೇಶಗಳು.

- ದಕ್ಷಿಣಕ್ಕೆ ಗ್ರೀಸ್: ಈಗ ಒಂದೇ ಕರೆನ್ಸಿ, 2025ರ ಜನವರಿಯಿಂದ ರಸ್ತೆ ಗಡಿಯಲ್ಲಿ ಪಾಸ್‌ಪೋರ್ಟ್ ತಪಾಸಣೆಯೂ ಇಲ್ಲ.
- ಉತ್ತರಕ್ಕೆ ರೊಮೇನಿಯಾ: ಪಾಸ್‌ಪೋರ್ಟ್ ತಪಾಸಣೆ ಇಲ್ಲ, ಆದರೆ ಅಲ್ಲಿ 'ಲೇಯು' ನಡೆಯುತ್ತದೆ. ಡ್ಯಾನ್ಯೂಬ್ ನದಿಯ ಸೇತುವೆ ದಾಟಿದರೆ ಬೇರೆ ನೋಟು.
- ಸೆರ್ಬಿಯಾ ಮತ್ತು ಉತ್ತರ ಮ್ಯಾಸಿಡೋನಿಯಾ: ಕರೆನ್ಸಿಯೂ ಬೇರೆ, ತಪಾಸಣೆಯೂ ಇದೆ.
- ಆಗ್ನೇಯಕ್ಕೆ ಟರ್ಕಿ: ಕರೆನ್ಸಿಯೂ ಬೇರೆ, ತಪಾಸಣೆಯೂ ಇದೆ. ಆದರೂ 2021ರ ಕೊನೆಯಲ್ಲಿ ಟರ್ಕಿಯ ಲೀರಾ ಕುಸಿದಾಗ ಬಲ್ಗೇರಿಯಾದ ಜನ ಸಾಲುಗಟ್ಟಿ ಗಡಿ ದಾಟಿ ಎದಿರ್ನೆ ನಗರದಲ್ಲಿ ಅಡುಗೆ ಎಣ್ಣೆಯಿಂದ ಹಿಡಿದು ಬಟ್ಟೆಯವರೆಗೆ ಖರೀದಿಸಿದರು.

ಒಂದೇ ದೇಶ, ಆದರೆ ಮೂರು ಬಗೆಯ ಗಡಿ. ಎಲ್ಲಕ್ಕಿಂತ ಬಿಗಿಯಾದ ಗಡಿಯಲ್ಲೂ ಬೆಲೆಯ ವ್ಯತ್ಯಾಸ ಜನರನ್ನು ಎಳೆದುಕೊಂಡು ಹೋಯಿತು.

ಕರೆನ್ಸಿ ಒಂದೇ ಇದ್ದರೂ ತಪಾಸಣೆ ಮರಳಿ ಬರಬಹುದು. ಅಕ್ರಮ ವಲಸೆ ತಡೆಯಲೆಂದು ಜರ್ಮನಿ 2024ರ ಸೆಪ್ಟೆಂಬರ್ 16ರಿಂದ ತನ್ನ ಎಲ್ಲ ರಸ್ತೆ ಗಡಿಗಳಲ್ಲಿ ಪೊಲೀಸ್ ತಪಾಸಣೆ ನಡೆಸತೊಡಗಿತು. ಫ್ರಾನ್ಸ್, ನೆದರ್ಲೆಂಡ್ಸ್, ಬೆಲ್ಜಿಯಂ ಗಡಿಗಳೂ ಅದರಲ್ಲಿ ಸೇರಿದ್ದವು. ಎರಡೂ ಕಡೆಯವರ ಜೇಬಿನಲ್ಲಿ ಇದ್ದದ್ದು ಅದೇ ಯೂರೋ.

ಒಂದು ಊರು, ಎರಡು ದೇಶ

ಕರೆನ್ಸಿ ಗಡಿಗೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ತಿಳಿಯಲು ಒಂದೇ ಊರು ನೋಡಿದರೆ ಸಾಕು. ಎಸ್ಟೋನಿಯಾದ ವಾಲ್ಗಾ ಮತ್ತು ಲಾತ್ವಿಯಾದ ವಾಲ್ಕಾ ಮೂಲದಲ್ಲಿ ಒಂದೇ ಪಟ್ಟಣ. 1920ರಲ್ಲಿ ಎರಡು ಹೊಸ ದೇಶಗಳ ನಡುವೆ ಗಡಿ ಎಳೆಯುವಾಗ ಬ್ರಿಟಿಷ್ ಅಧಿಕಾರಿ ಸ್ಟೀಫನ್ ಟ್ಯಾಲೆಂಟ್ಸ್ ಪಟ್ಟಣವನ್ನು ಎರಡು ಭಾಗ ಮಾಡಿದರು. ಸೋವಿಯತ್ ಕಾಲದಲ್ಲಿ ಈ ಗೆರೆಗೆ ಅರ್ಥವಿರಲಿಲ್ಲ. 1991ರಲ್ಲಿ ಎರಡೂ ದೇಶಗಳು ಸ್ವತಂತ್ರವಾದ ಮೇಲೆ ಪಟ್ಟಣದ ಬೀದಿಗಳಲ್ಲಿ ಮತ್ತೆ ತಪಾಸಣೆ ಬಂತು.

2007ರ ಡಿಸೆಂಬರ್ 21ರಂದು ಎರಡೂ ಷೆಂಗೆನ್ ಸೇರಿದವು, ತಪಾಸಣೆ ಹೋಯಿತು. ಆದರೆ ಕರೆನ್ಸಿ ಬೇರೆಯೇ ಇತ್ತು. 2011ರಲ್ಲಿ ಎಸ್ಟೋನಿಯಾ ಯೂರೋಗೆ ಬಂತು, ಲಾತ್ವಿಯಾ ಬಂದದ್ದು 2014ರಲ್ಲಿ. ನಡುವಿನ ಮೂರು ವರ್ಷ ಬೀದಿಯ ಈ ಕಡೆ ಯೂರೋ, ಆ ಕಡೆ ಲಾಟ್. 2014ರ ಜನವರಿ 1ರಂದು ಆ ಗೋಡೆಯೂ ಬಿತ್ತು. ಇನ್ನು ಎರಡೂ ಕಡೆ ಒಂದೇ ಬೆಲೆ ಇರಬೇಕಲ್ಲವೇ?

ಆದದ್ದು ಬೇರೆ. 2017ರ ಜುಲೈನಲ್ಲಿ ಎಸ್ಟೋನಿಯಾ ಬಿಯರ್ ಮೇಲಿನ ಅಬಕಾರಿ ಸುಂಕವನ್ನು ಒಮ್ಮೆಲೇ ಶೇ. 70ರಷ್ಟು ಏರಿಸಿತು. ಎಸ್ಟೋನಿಯಾದವರು ಕಾರು ತುಂಬ ಮದ್ಯ ತರಲು ಲಾತ್ವಿಯಾದ ಕಡೆ ಹೊರಟರು. ವಾಲ್ಕಾದಲ್ಲಿ ದೊಡ್ಡ ದೊಡ್ಡ ಮದ್ಯದಂಗಡಿಗಳು ತಲೆ ಎತ್ತಿದವು. ಅಲ್ಲಿಯವರೆಗೆ ಹೆಲ್ಸಿಂಕಿಯಿಂದ ಹಡಗಿನಲ್ಲಿ ಎಸ್ಟೋನಿಯಾಕ್ಕೆ ಬಂದು ಅಗ್ಗದ ಮದ್ಯ ಒಯ್ಯುತ್ತಿದ್ದ ಫಿನ್ಲೆಂಡಿನವರಲ್ಲೂ ಕೆಲವರು ಇನ್ನೂ ದಕ್ಷಿಣಕ್ಕೆ, ಲಾತ್ವಿಯಾದವರೆಗೆ ಬರತೊಡಗಿದರು. ಮೂರೂ ದೇಶಗಳಲ್ಲಿ ಒಂದೇ ಯೂರೋ. ಆದರೆ ಬಾಟಲಿಯ ಬೆಲೆ ಮೂರು ಕಡೆ ಮೂರು. ತೆರಿಗೆ ಆದಾಯ ಸೋರಿಹೋಗುವುದನ್ನು ಕಂಡ ಎಸ್ಟೋನಿಯಾ 2019ರ ಜುಲೈ 1ರಂದು ಸುಂಕವನ್ನು ಶೇ. 25ರಷ್ಟು ಇಳಿಸಿತು. ಅದಕ್ಕೆ ಉತ್ತರವಾಗಿ ಲಾತ್ವಿಯಾವೂ ಕಡುಮದ್ಯದ ಸುಂಕ ಇಳಿಸಿತು.

ಇದು ನಮಗೆ ಹೊಸದಲ್ಲ. ಗೋವಾ ಮತ್ತು ಕರ್ನಾಟಕದಲ್ಲಿ ಒಂದೇ ರೂಪಾಯಿ. ಆದರೂ ಕಾರವಾರದ ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಮದ್ಯಕ್ಕಾಗಿ ವಾಹನಗಳ ತಪಾಸಣೆ ನಡೆಯುತ್ತದೆ. ಕಾಸರಗೋಡಿನ ವಾಹನಗಳು ತಲಪಾಡಿ ದಾಟಿ ಬಂದು ಪೆಟ್ರೋಲ್ ಹಾಕಿಸಿಕೊಳ್ಳುತ್ತವೆ. ರಾಜ್ಯದ ತೆರಿಗೆ ಬೇರೆಯಾದರೆ ಬೆಲೆಯೂ ಬೇರೆ.

ಒಂದೇ ಕರೆನ್ಸಿಯಿಂದ ಆದ ನಿಜವಾದ ಬದಲಾವಣೆ ಏನೆಂದರೆ, ವ್ಯತ್ಯಾಸ ಕಣ್ಣಿಗೆ ಕಾಣುವಂತಾಯಿತು. ಮೊದಲು ಲಾಟ್, ಕ್ರೋನ್, ಯೂರೋ ಎಂದು ಲೆಕ್ಕ ಹಾಕಬೇಕಿತ್ತು. ಈಗ ಎರಡು ಬೋರ್ಡುಗಳನ್ನು ನೋಡಿದರೆ ಸಾಕು. ಸಂಬಳದ ವಿಷಯದಲ್ಲೂ ಹಾಗೆಯೇ. ಎಸ್ಟೋನಿಯಾದ ಕಡೆ ಸಂಬಳ ಹೆಚ್ಚು ಎಂಬುದು ವಾಲ್ಕಾದವರಿಗೆ ಮೊದಲೂ ಗೊತ್ತಿತ್ತು, ಎಷ್ಟು ಹೆಚ್ಚು ಎಂಬುದು ಈಗ ಲೆಕ್ಕವಿಲ್ಲದೆ ತಿಳಿಯುತ್ತದೆ.

2020ರ ಮಾರ್ಚ್‌ನಲ್ಲಿ ಕೋವಿಡ್ ಬಂದಾಗ ಈ ಪಟ್ಟಣದ ನಡುವೆ ಮತ್ತೆ ಗಡಿ ಬಂತು. ಮೇ 15ರಂದು ಮೂರು ಬಾಲ್ಟಿಕ್ ದೇಶಗಳು ತಮ್ಮೊಳಗಿನ ಓಡಾಟಕ್ಕೆ ಅವಕಾಶ ಕೊಡುವವರೆಗೂ ಅದು ಉಳಿಯಿತು. ಒಂದೇ ನೋಟು ಅದನ್ನು ತಡೆಯಲಿಲ್ಲ.

ಹಾಗಾದರೆ ಲಾಭವೇನು?

ಲಾಭ ತಿಳಿಯಬೇಕಾದರೆ ಕರೆನ್ಸಿ ಬೇರೆ ಇರುವ ಗಡಿಯನ್ನು ನೋಡಬೇಕು. ಜರ್ಮನಿಯ ಕೊನ್‌ಸ್ಟಾಂಜ್ ನಗರಕ್ಕೆ ಅಂಟಿಕೊಂಡೇ ಸ್ವಿಟ್ಜರ್ಲೆಂಡಿನ ಕ್ರಾಯ್ಟ್ಸ್‌ಲಿಂಗನ್ ಇದೆ. 2015ರ ಜನವರಿ 15ರವರೆಗೆ ಸ್ವಿಸ್ ಕೇಂದ್ರ ಬ್ಯಾಂಕು 1 ಯೂರೋಗೆ ಕನಿಷ್ಠ 1.20 ಫ್ರಾಂಕ್ ಎಂಬ ದರವನ್ನು ಕಾಪಾಡಿಕೊಂಡು ಬಂದಿತ್ತು. ಅಂದು ಬೆಳಿಗ್ಗೆ ಯಾವ ಮುನ್ಸೂಚನೆಯೂ ಇಲ್ಲದೆ ಅದನ್ನು ಕೈಬಿಟ್ಟಿತು. ಕೆಲವೇ ಗಂಟೆಗಳಲ್ಲಿ ಫ್ರಾಂಕ್ ಯೂರೋಗೆ ಹೆಚ್ಚುಕಡಿಮೆ ಸಮವಾಯಿತು. ಸ್ವಿಸ್ ಗ್ರಾಹಕರಿಗೆ ಜರ್ಮನಿಯ ಅಂಗಡಿಗಳೆಲ್ಲ ಇದ್ದಕ್ಕಿದ್ದಂತೆ ಅಗ್ಗ. ಕೊನ್‌ಸ್ಟಾಂಜ್ ರಸ್ತೆಗಳು ಸ್ವಿಸ್ ಕಾರುಗಳಿಂದ ತುಂಬಿದವು. ಗಡಿಯ ಸ್ವಿಸ್ ಅಂಗಡಿಯವರು ಗಿರಾಕಿ ಇಲ್ಲದೆ ಕುಳಿತರು. ಅವರ ತಪ್ಪೇನೂ ಇರಲಿಲ್ಲ, ಬದಲಾದದ್ದು ದರ ಮಾತ್ರ.

ಒಂದೇ ಕರೆನ್ಸಿ ಇದ್ದರೆ ಇಂಥ ಆಘಾತ ಇರುವುದಿಲ್ಲ. ಗಡಿಯಾಚೆಗೆ ಸರಕು ಮಾರುವ ಸಣ್ಣ ವ್ಯಾಪಾರಿ, ದಿನಾ ಗಡಿ ದಾಟಿ ಕೆಲಸಕ್ಕೆ ಹೋಗುವ ನೌಕರ, ಪ್ರವಾಸಿಗರನ್ನು ನಂಬಿದ ಹೋಟೆಲು, ಇವರಿಗೆಲ್ಲ ಬದಲಾವಣೆ ಶುಲ್ಕ ಉಳಿಯುತ್ತದೆ. ನಾಳೆಯ ದರ ಏನೋ ಎಂಬ ಚಿಂತೆಯೂ ಇಲ್ಲ. ನಷ್ಟ ಆಗುವವರೂ ಇದ್ದಾರೆ: ಗಡಿಯ ಮನಿ ಚೇಂಜರ್ ಅಂಗಡಿಗಳು.

ವ್ಯಾಪಾರ ಎಷ್ಟು ಹೆಚ್ಚುತ್ತದೆ? 2000ದಲ್ಲಿ ಅರ್ಥಶಾಸ್ತ್ರಜ್ಞ ಆಂಡ್ರ್ಯೂ ರೋಸ್ ಒಂದೇ ಕರೆನ್ಸಿ ಬಳಸುವ ದೇಶಗಳ ನಡುವೆ ವ್ಯಾಪಾರ ಮೂರು ಪಟ್ಟಿಗೂ ಹೆಚ್ಚು ಎಂದು ಬರೆದಾಗ ಭಾರೀ ಚರ್ಚೆಯಾಯಿತು. ಯೂರೋ ಬಂದ ಮೇಲೆ ನಿಜವಾದ ಅಂಕಿಅಂಶ ಹಿಡಿದು ಲೆಕ್ಕ ಹಾಕಿದ ರಿಚರ್ಡ್ ಬಾಲ್ಡ್‌ವಿನ್ ಮೊದಲಾದವರಿಗೆ ಸಿಕ್ಕಿದ್ದು ಶೇ. 5ರಿಂದ 10ರ ಆಸುಪಾಸಿನ ಹೆಚ್ಚಳ. ಲಾಭ ಇದೆ, ಪವಾಡ ಇಲ್ಲ.

ಕಳೆದುಕೊಳ್ಳುವುದು ಏನು?

ಗಡಿಯ ಲಾಭ ಕಾಣುತ್ತದೆ, ಬೆಲೆ ತೆರುವುದು ರಾಜಧಾನಿಯಲ್ಲಿ. ಒಂದೇ ಕರೆನ್ಸಿಗೆ ಒಂದೇ ಬಡ್ಡಿದರ. 2022ರ ಆಗಸ್ಟ್‌ನಲ್ಲಿ ಎಸ್ಟೋನಿಯಾದ ಹಣದುಬ್ಬರ ಶೇ. 20ಕ್ಕೂ ಹೆಚ್ಚಿತ್ತು, ಫ್ರಾನ್ಸಿನದು ಶೇ. 7ರ ಆಸುಪಾಸು. ಎರಡಕ್ಕೂ ಫ್ರಾಂಕ್‌ಫರ್ಟಿನ ಯೂರೋಪಿಯನ್ ಕೇಂದ್ರ ಬ್ಯಾಂಕಿನ ಅದೇ ಬಡ್ಡಿದರ. ಎಸ್ಟೋನಿಯಾ ತನಗೆ ಬೇಕಾದಂತೆ ದರ ಏರಿಸಲಾರದು. ಕಷ್ಟ ಬಂದಾಗ ತನ್ನ ಕರೆನ್ಸಿಯ ಬೆಲೆ ಇಳಿಸಿ ರಫ್ತು ಹೆಚ್ಚಿಸುವ ದಾರಿಯೂ ಮುಚ್ಚಿರುತ್ತದೆ. ಸಾಲದಲ್ಲಿ ಮುಳುಗಿದ ಗ್ರೀಸ್ 2015ರ ಜೂನ್ ಕೊನೆಯಲ್ಲಿ ಬ್ಯಾಂಕುಗಳನ್ನು ಮುಚ್ಚಿ, ಎಟಿಎಂನಿಂದ ದಿನಕ್ಕೆ 60 ಯೂರೋ ಮಾತ್ರ ತೆಗೆಯಬಹುದು ಎಂದು ಮಿತಿ ಹಾಕಬೇಕಾಯಿತು.

ಹಣದ ನಿರ್ಧಾರ ಬೇರೆ ಕಡೆ ಆದಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ ರೂಪಾಯಿಯ ಇತಿಹಾಸದಲ್ಲೂ ಉದಾಹರಣೆ ಇದೆ. ಇಂದು ಕರಾವಳಿಯ ಎಷ್ಟೋ ಮನೆಗಳಿಗೆ ಸಂಬಳ ಬರುವ ಕೊಲ್ಲಿ ನಾಡುಗಳಲ್ಲಿ ಒಂದು ಕಾಲಕ್ಕೆ ಭಾರತದ ರೂಪಾಯಿಯೇ ನಡೆಯುತ್ತಿತ್ತು. 1959ರಲ್ಲಿ ರಿಸರ್ವ್ ಬ್ಯಾಂಕ್ ಅಲ್ಲಿಗಾಗಿಯೇ ಬೇರೆ ಬಣ್ಣದ 'ಗಲ್ಫ್ ರೂಪಾಯಿ' ಮುದ್ರಿಸಿತು. 1961ರಲ್ಲಿ ಕುವೈತ್ ತನ್ನದೇ ದಿನಾರ್ ತಂದಿತು. 1966ರ ಜೂನ್ 6ರಂದು ದೆಹಲಿ ರೂಪಾಯಿಯ ಬೆಲೆಯನ್ನು ಒಮ್ಮೆಲೇ ಇಳಿಸಿದಾಗ ಕತಾರ್, ದುಬೈ ಮೊದಲಾದವು ಅದನ್ನು ಕೈಬಿಟ್ಟವು. ಒಮಾನ್ 1970ರವರೆಗೆ ಉಳಿಸಿಕೊಂಡಿತ್ತು.

ಇಂದಿಗೂ ಭೂತಾನದ ನ್ಗುಲ್ಟ್ರಮ್ ನಮ್ಮ ರೂಪಾಯಿಗೆ ಸಮ. ನೇಪಾಳದ ದರ 1993ರಿಂದ 1 ಭಾರತೀಯ ರೂಪಾಯಿಗೆ 1.6 ನೇಪಾಳಿ ರೂಪಾಯಿ. ಕರೆನ್ಸಿ ಬೇರೆಯಾದರೂ ನೇಪಾಳದ ಗಡಿ ತೆರೆದೇ ಇದೆ. ಆದರೆ 2016ರ ನೋಟು ರದ್ದತಿಯ ಬಿಸಿ ಅಲ್ಲಿನವರಿಗೂ ತಟ್ಟಿತು. ನೇಪಾಳದಲ್ಲಿ ಉಳಿದ ಹಳೆಯ ಭಾರತೀಯ ನೋಟುಗಳ ಬದಲಾವಣೆ ವರ್ಷಗಟ್ಟಲೆ ಎರಡು ದೇಶಗಳ ನಡುವಿನ ಮಾತುಕತೆಯ ವಿಷಯವಾಯಿತು.

ಹಾಗಾದರೆ ಬ್ರಿಕ್ಸ್ ನೋಟು?

ನೆರೆಹೊರೆಯ ದೇಶಗಳಿಗೇ ಇದು ಸುಲಭವಲ್ಲ. ಪಶ್ಚಿಮ ಆಫ್ರಿಕಾದ ದೇಶಗಳು 'ಇಕೋ' ಎಂಬ ಕರೆನ್ಸಿಯನ್ನು ಎರಡು ದಶಕಗಳಿಂದ ಮುಂದೂಡುತ್ತಾ ಬಂದು ಈಗ 2027ರ ಗುರಿ ಇಟ್ಟುಕೊಂಡಿವೆ. ಈ ನಡುವೆ ಮಾಲಿ, ಬುರ್ಕಿನಾ ಫಾಸೊ, ನೈಜರ್ 2025ರ ಜನವರಿಯಲ್ಲಿ ಒಕ್ಕೂಟದಿಂದಲೇ ಹೊರನಡೆದವು. ಪೂರ್ವ ಆಫ್ರಿಕಾದ ದೇಶಗಳು 2013ರಲ್ಲಿ ಒಪ್ಪಂದಕ್ಕೆ ಸಹಿ ಹಾಕಿ 2024ರ ಗುರಿ ಇಟ್ಟಿದ್ದವು, ಈಗ ಅದು 2031. ಕೊಲ್ಲಿಯ ಅರಬ್ ದೇಶಗಳ ಯೋಜನೆ 2010ರ ಗುರಿ ದಾಟಿ ನಿಂತೇಹೋಯಿತು.

ಬ್ರಿಕ್ಸ್ ದೇಶಗಳು ಹೆಚ್ಚಿನವು ನೆರೆಯವೂ ಅಲ್ಲ. ಭಾರತಕ್ಕೂ ಬ್ರೆಜಿಲ್‌ಗೂ ನಡುವೆ ಸಾಗರಗಳಿವೆ, ಭಾರತಕ್ಕೂ ಚೀನಾಕ್ಕೂ ನಡುವೆ ಇತ್ಯರ್ಥವಾಗದ ಗಡಿಯೇ ಇದೆ. ಡಾಲರ್ ಬಿಡುವ ಪರವಾಗಿ ಭಾರತ ಇಲ್ಲ, ಬ್ರಿಕ್ಸ್ ಕರೆನ್ಸಿಯ ಪ್ರಸ್ತಾವವೂ ಸದ್ಯ ಇಲ್ಲ ಎಂದು ವಿದೇಶಾಂಗ ಸಚಿವ ಎಸ್. ಜೈಶಂಕರ್ 2024ರ ಡಿಸೆಂಬರ್‌ನಲ್ಲಿ ಹೇಳಿದ್ದರು. ಕೆಲವು ದೇಶಗಳು ತಮ್ಮ ತಮ್ಮ ಕರೆನ್ಸಿಯಲ್ಲಿ ವ್ಯಾಪಾರದ ಹಣ ಪಾವತಿ ಮಾಡಿಕೊಳ್ಳುವ ವ್ಯವಸ್ಥೆ ಬೇರೆ, ಒಂದೇ ಕರೆನ್ಸಿ ಬೇರೆ. ಹಾಗೆಯೇ ಐಫೆಲ್ ಟವರ್ ಟಿಕೆಟಿಗೆ ಯುಪಿಐ ನಡೆಯುತ್ತದೆ ಎಂದರೆ ಫ್ರಾನ್ಸಿನಲ್ಲಿ ರೂಪಾಯಿ ನಡೆಯುತ್ತದೆ ಎಂದಲ್ಲ. ನಡುವೆ ರೂಪಾಯಿ ಯೂರೋ ಆಗಿ ಬದಲಾಗಿರುತ್ತದೆ.

ಫಾರ್ವರ್ಡ್ ಒತ್ತುವ ಮೊದಲು

ಮುಂದಿನ ಸಲ ಇಂಥ ಸಂದೇಶ ಬಂದಾಗ ನಾಲ್ಕು ಪ್ರಶ್ನೆ ಕೇಳಿ.

1. ಯಾವ ಕೇಂದ್ರ ಬ್ಯಾಂಕು ಈ ನೋಟು ಹೊರಡಿಸುತ್ತದೆ? ಹೆಸರಿಲ್ಲದಿದ್ದರೆ ಕರೆನ್ಸಿಯೂ ಇಲ್ಲ.
2. ವಿನಿಮಯ ದರ ಎಷ್ಟು? ನಿಜವಾದ ಬದಲಾವಣೆಯಲ್ಲಿ ಅದು ತಿಂಗಳುಗಳ ಮೊದಲೇ ದಶಮಾಂಶ ಸಮೇತ ಘೋಷಣೆಯಾಗಿರುತ್ತದೆ.
3. "ಗಡಿ ಹೋಗುತ್ತದೆ" ಎಂದರೆ ಯಾವ ಗೋಡೆ? ನೋಟಿನದೋ, ತೆರಿಗೆಯದೋ, ಪಾಸ್‌ಪೋರ್ಟಿನದೋ?
4. ಈಗಲೇ ಏನಾದರೂ ಮಾಡಿ ಎಂದು ಅವಸರ ಪಡಿಸುತ್ತಿದೆಯೇ? ಹಾಗಿದ್ದರೆ ಅಲ್ಲೇ ನಿಲ್ಲಿಸಿ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಬಲ್ಗೇರಿಯಾದಲ್ಲಿ ಹಳೆಯ ಲೆವ್ ಬದಲಾಯಿಸಲು ಕೇಂದ್ರ ಬ್ಯಾಂಕು ಕೊನೆಯ ದಿನವನ್ನೇ ಇಟ್ಟಿಲ್ಲ. ಹಣ ಬದಲಾಯಿಸಲು ನಿಮಗೆ ಒಂದೇ ರಾತ್ರಿ ಸಮಯ ಕೊಡುವ ಸಂದೇಶ ನಿಮ್ಮ ಮನೆಯ ಹಿರಿಯರ ಫೋನಿಗೆ ಬಂದಿದ್ದರೆ, ಅವರ ಜೊತೆ ಕುಳಿತು ಇದನ್ನು ವಿವರಿಸಿ.